ಮರಗೆಲಸದ ಅಳತೆಗೆ ತ್ರಿಕೋನಮಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಶೆಲ್ಫು, ಸ್ಟೂಲು, ಕಪಾಟು ಮಾಡಿಕೊಳ್ಳುವವರು ಲೆಕ್ಕದ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಅಳತೆಗಳೆಲ್ಲ ಮಿಲಿಮೀಟರ್‌ನಲ್ಲಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಡಿಗ್ರಿಗಿಂತ ಉದ್ದಕ್ಕೇ ಮರ್ಯಾದೆ ಜಾಸ್ತಿ. ಕೋನಮಾಪಕ ಇಟ್ಟು ಗೆರೆ ಎಳೆಯುವ ಬದಲು, ಅದೇ ಕೋನವನ್ನು ಎರಡು ಉದ್ದಗಳಾಗಿ ಬದಲಿಸಿಕೊಂಡು ಟೇಪಿನಲ್ಲಿ ಗುರುತು ಹಾಕಿದರೆ ಕೆಲಸ ಕರಾರುವಾಕ್ಕಾಗಿ ಬರುತ್ತದೆ.

ಟೇಪ್ ಹಿಡಿದು ಅಳೆದರೆ ಸಾಲದಾ? ತ್ರಿಕೋನಮಿತಿ ಯಾಕೆ ಬೇಕು?

ಅಳೆಯಲು ಆಗುವ ಕಡೆ ಅಳೆಯಿರಿ. ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಇನ್ನೂ ಮಾಡದ ವಸ್ತುವನ್ನು ಅಳೆಯುವುದು ಹೇಗೆ? ಓರೆಯಾಗಿ ನಿಲ್ಲುವ ಸ್ಟೂಲಿನ ಕಾಲು ಎಷ್ಟುದ್ದ ಇರಬೇಕು, ಮಲಗಿಸಿ ಜೋಡಿಸಿದ ಕಪಾಟು ಎದ್ದು ನಿಲ್ಲುವಾಗ ಛಾವಣಿಗೆ ತಾಗುತ್ತಾ, ಆರು ಬದಿಯ ಶೆಲ್ಫಿಗೆ ಎಷ್ಟು ಮರ ಬೇಕು? ಇವೆಲ್ಲ ಮರ ಕತ್ತರಿಸುವ ಮೊದಲೇ ಗೊತ್ತಾಗಬೇಕಾದ ಸಂಗತಿಗಳು. ಅಲ್ಲಿ ಲೆಕ್ಕ ಬೇಕು.

ಶಾಲೆಯಲ್ಲಿ ಕಲಿತದ್ದೆಲ್ಲ ಮರೆತಿದೆ. ಎಷ್ಟು ನೆನಪಿದ್ದರೆ ಸಾಕು?

ತುಂಬಾ ಕಡಿಮೆ. ಒಂದು ಲಂಬಕೋನ ತ್ರಿಭುಜ ಬರೆದುಕೊಳ್ಳಿ. 90 ಡಿಗ್ರಿಯ ಎದುರಿಗಿರುವ ಉದ್ದನೆಯ ಬದಿ ವಿಕರ್ಣ. ನಿಮಗೆ ಬೇಕಾದ ಕೋನದ ಎದುರಿನ ಬದಿ ಅಭಿಮುಖ ಬಾಹು, ಅದಕ್ಕೆ ಅಂಟಿಕೊಂಡ ಬದಿ ಪಾರ್ಶ್ವ ಬಾಹು.

ಸೈನ್ = ಅಭಿಮುಖ ÷ ವಿಕರ್ಣ
ಕಾಸ್ = ಪಾರ್ಶ್ವ ÷ ವಿಕರ್ಣ
ಟ್ಯಾನ್ = ಅಭಿಮುಖ ÷ ಪಾರ್ಶ್ವ

ಇದರ ಜೊತೆಗೆ ಪೈಥಾಗೊರಸ್: ಎರಡು ಚಿಕ್ಕ ಬದಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ವಿಕರ್ಣ. ಮರಗೆಲಸದಲ್ಲಿ ಮುಕ್ಕಾಲು ಪಾಲು ಕೆಲಸ ಟ್ಯಾನ್ ಮತ್ತು ಪೈಥಾಗೊರಸ್‌ನಲ್ಲೇ ಮುಗಿಯುತ್ತದೆ. ಯಾಕೆಂದರೆ ನಮಗೆ ಸುಲಭವಾಗಿ ಸಿಗುವುದು ಅಡ್ಡ ಅಳತೆ ಮತ್ತು ಎತ್ತರ. ಟ್ಯಾನ್‌ಗೆ ಬೇಕಾಗುವುದೂ ಅವೆರಡೇ.

ಉದ್ದಗಳು ಗೊತ್ತಿದ್ದು ಕೋನ ಬೇಕಾದಾಗ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಇನ್ವರ್ಸ್ ಒತ್ತಬೇಕು. ಟ್ಯಾನ್ ಮೇಲೆ ಸಣ್ಣದಾಗಿ −1 ಎಂದು ಬರೆದಿರುತ್ತದೆ.

ಕ್ಯಾಲ್ಕುಲೇಟರ್ ಏನೇನೋ ಉತ್ತರ ಕೊಡುತ್ತಿದೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ರೇಡಿಯನ್ (ಕೋನದ ಇನ್ನೊಂದು ಮಾನ) ಮೋಡ್‌ನಲ್ಲಿದೆ. ಸೈನ್ 30 ಒತ್ತಿ ನೋಡಿ. 0.5 ಬಂದರೆ ಡಿಗ್ರಿಯಲ್ಲಿದೆ ಅಂತ ಅರ್ಥ. −0.988 ಬಂದರೆ ರೇಡಿಯನ್. ಫೋನಿನ ಕ್ಯಾಲ್ಕುಲೇಟರ್‌ಗಳಲ್ಲಿ ಇದು ತಾನಾಗಿ ಬದಲಾಗಿರುವುದುಂಟು. ಕೆಲಸ ಶುರು ಮಾಡುವ ಮೊದಲು ಪ್ರತಿ ಸಲ ಸೈನ್ 30 ಒತ್ತುವ ಅಭ್ಯಾಸ ಇಟ್ಟುಕೊಳ್ಳಿ.

3-4-5 ವಿಧಾನ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಮೂಲೆ ಸರಿಯಾಗಿ ಬರುವುದಿಲ್ಲ, ಯಾಕೆ?

ಬಹುಶಃ ನಿಮ್ಮ ತ್ರಿಭುಜ ತೀರಾ ಚಿಕ್ಕದು. ಒಂದು ಬದಿಯಲ್ಲಿ 300, ಇನ್ನೊಂದರಲ್ಲಿ 400 ಗುರುತು ಹಾಕಿ ನಡುವೆ 500 ಬರುವಂತೆ ಹೊಂದಿಸಿದರೆ ಮೂಲೆ 90 ಡಿಗ್ರಿ. ಸಿದ್ಧಾಂತ ಸರಿ. ಆದರೆ ಆ 500ರಲ್ಲಿ ನೀವು ಒಂದೇ ಒಂದು ಮಿ.ಮೀ. ತಪ್ಪಿದರೆ ಕೋನ ಸುಮಾರು 0.24 ಡಿಗ್ರಿ ತಪ್ಪುತ್ತದೆ. ಏನು ಮಹಾ ಅನ್ನಿಸಬಹುದು. 2400 ಉದ್ದದ ಹಲಗೆಯ ಕೊನೆಗೆ ಹೋಗುವಷ್ಟರಲ್ಲಿ ಅದು 10 ಮಿ.ಮೀ. ಆಗಿರುತ್ತದೆ!

ಅದೇ ತ್ರಿಭುಜವನ್ನು ಐದು ಪಟ್ಟು ಮಾಡಿ: 1500, 2000, 2500. ಈಗಲೂ ಒಂದು ಮಿ.ಮೀ. ತಪ್ಪಿ. ಕೋನದ ತಪ್ಪು 0.05 ಡಿಗ್ರಿಗೂ ಕಡಿಮೆ, 2400 ಉದ್ದಕ್ಕೆ ಬರೀ 2 ಮಿ.ಮೀ. ಟೇಪ್ ಅದೇ, ಕೈ ಅದೇ, ತ್ರಿಭುಜ ಮಾತ್ರ ದೊಡ್ಡದು. ಜಾಗ ಇರುವಷ್ಟೂ ದೊಡ್ಡದಾಗಿ ಹಾಕಿ. 3, 4, 5ರ ಯಾವ ಗುಣಕವಾದರೂ ನಡೆಯುತ್ತದೆ. 600-800-1000 ಕಪಾಟಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಚೌಕಟ್ಟಿನ ಎರಡೂ ಕರ್ಣ ಸಮ ಬಂದರೆ ಮೂಲೆಗಳು ಸರಿ ಇವೆ ಅಂತ ಅಲ್ವಾ?

ಎದುರುಬದುರು ಬದಿಗಳೂ ಸಮ ಇದ್ದರೆ ಮಾತ್ರ. ಮೇಲಿನ ಪಟ್ಟಿ ಕೆಳಗಿನದಕ್ಕಿಂತ ಗಿಡ್ಡ ಇದ್ದು, ಎರಡು ಪಕ್ಕಗಳೂ ಒಂದೇ ಓರೆಯಲ್ಲಿ ಒಳಗೆ ಬಾಗಿದ್ದರೆ ಆಗಲೂ ಕರ್ಣಗಳು ಸಮ ಬರುತ್ತವೆ, ಮೂಲೆ ಒಂದೂ 90 ಇರುವುದಿಲ್ಲ. ಹಾಗಾಗಿ ಮೊದಲು ಬದಿಗಳನ್ನು ನೋಡಿ, ಆಮೇಲೆ ಕರ್ಣ.

ಕರ್ಣಗಳಲ್ಲಿ 6 ಮಿ.ಮೀ. ವ್ಯತ್ಯಾಸ ಬಂದರೆ ಉದ್ದನೆಯ ಕರ್ಣವನ್ನು 3 ಮಿ.ಮೀ. ಅಷ್ಟೇ ಒತ್ತಬೇಕು. ಒಂದು ಕುಗ್ಗಿದಂತೆ ಇನ್ನೊಂದು ಹಿಗ್ಗುತ್ತದೆ. ಪೂರ್ತಿ 6 ಒತ್ತಿದರೆ ಆ ಕಡೆ ವಾಲುತ್ತದೆ.

ಗೋಡೆಯ ಮೂಲೆ 90 ಡಿಗ್ರಿ ಇಲ್ಲ. ಎಷ್ಟಿದೆ ಎಂದು ಟೇಪಿನಲ್ಲೇ ತಿಳಿಯಬಹುದಾ?

ತಿಳಿಯಬಹುದು, ಅದೂ ಕೋನಮಾಪಕಕ್ಕಿಂತ ಚೆನ್ನಾಗಿ. ಮೂಲೆಯಿಂದ ಎರಡೂ ಗೋಡೆಗಳ ಮೇಲೆ 500 ಮಿ.ಮೀ. ದೂರದಲ್ಲಿ ಪೆನ್ಸಿಲ್ ಗುರುತು ಹಾಕಿ. ಎರಡು ಗುರುತುಗಳ ನಡುವಿನ ನೇರ ದೂರ ಅಳೆಯಿರಿ. ಅದನ್ನು 1000ದಿಂದ ಭಾಗಿಸಿ, ಸೈನ್ ಇನ್ವರ್ಸ್ ತೆಗೆದು, ಎರಡರಿಂದ ಗುಣಿಸಿ. ಅದೇ ಮೂಲೆಯ ಕೋನ. 500 ಅನ್ನು ಆರಿಸಿಕೊಂಡಿದ್ದೇ ಭಾಗಾಕಾರ ಸುಲಭವಾಗಲಿ ಅಂತ.

ನಡುವಿನ ದೂರ 690 ಬಂದರೆ ಮೂಲೆ 87.3°
700 ಬಂದರೆ 88.9°
707 ಬಂದರೆ 90°
715 ಬಂದರೆ 91.3°
720 ಬಂದರೆ 92.1°
730 ಬಂದರೆ 93.8°

ಮೂಲೆಯಲ್ಲಿ ಗಾರೆ ಉಬ್ಬಿಕೊಂಡಿರುವುದು ಮಾಮೂಲು. ಅಂಥ ಕಡೆ ಮೂಲೆಗೇ ಟೇಪ್ ಒತ್ತಿ ಅಳೆದರೆ ಮೋಸ ಹೋಗುತ್ತೀರಿ. ಎರಡು ನೇರ ಪಟ್ಟಿಗಳನ್ನು ಗೋಡೆಗೆ ಒತ್ತಿ ಹಿಡಿದು, ಅವು ಸಂಧಿಸುವ ಬಿಂದುವಿನಿಂದ ಅಳೆಯಿರಿ. ನೆಲದ ಹತ್ತಿರ ಒಂದು ಸಲ, ಶೆಲ್ಫು ಬರುವ ಎತ್ತರದಲ್ಲಿ ಇನ್ನೊಂದು ಸಲ ನೋಡಿ. ಒಂದೇ ಮೂಲೆ ಎರಡು ಎತ್ತರದಲ್ಲಿ ಎರಡು ಉತ್ತರ ಕೊಡುವುದು ಅಪರೂಪವೇನಲ್ಲ.

ಎರಡು ಕಡೆಯೂ 500 ಹಿಡಿಸುವಷ್ಟು ಗೋಡೆ ಇಲ್ಲದಿದ್ದರೆ?

ಎಷ್ಟಿದೆಯೋ ಅಷ್ಟೇ ಅಳೆಯಿರಿ, ಕೊಸೈನ್ ನಿಯಮ ಬಳಸಿ. ಒಂದು ಕಡೆ 620, ಇನ್ನೊಂದು ಕಡೆ 480, ನಡುವಿನ ದೂರ 810 ಎಂದುಕೊಳ್ಳಿ. 620ರ ವರ್ಗಕ್ಕೆ 480ರ ವರ್ಗ ಕೂಡಿಸಿ, 810ರ ವರ್ಗ ಕಳೆಯಿರಿ. −41,300 ಬರುತ್ತದೆ. ಅದನ್ನು 2 × 620 × 480, ಅಂದರೆ 5,95,200ರಿಂದ ಭಾಗಿಸಿ. −0.0694. ಇದರ ಕಾಸ್ ಇನ್ವರ್ಸ್ 94 ಡಿಗ್ರಿ. ಉತ್ತರ ಋಣ ಸಂಖ್ಯೆ ಬಂತು ಅಂದರೆ ಮೂಲೆ 90ಕ್ಕಿಂತ ಅಗಲ ಎಂದೇ ಅರ್ಥ, ಗಾಬರಿ ಬೇಡ.

ಮೂಲೆ 92.1 ಡಿಗ್ರಿ ಇದೆ. ಅಲ್ಲಿ ಎರಡು ಪಟ್ಟಿಗಳ ತುದಿ ಓರೆ ಕತ್ತರಿಸಿ ಕೂಡಿಸಲು ಗರಗಸವನ್ನು 46ಕ್ಕೆ ಇಡಬೇಕಾ?

ಬೇಡ! ಎಲ್ಲರೂ ಎಡವುವ ಜಾಗ ಇದು. 92.1ರ ಅರ್ಧ 46.05 ನಿಜ. ಆದರೆ ಅದು ಪಟ್ಟಿಯ ಅಂಚಿನಿಂದ ಲೆಕ್ಕ ಹಾಕಿದ ಕೋನ. ಮೈಟರ್ ಗರಗಸದ (ಬೇಕಾದ ಕೋನಕ್ಕೆ ತಿರುಗಿಸಿ ಓರೆ ಕತ್ತರಿಸುವ ಗರಗಸ) ಸ್ಕೇಲು ಹಾಗೆ ಎಣಿಸುವುದಿಲ್ಲ. ಪಟ್ಟಿಗೆ ನೇರ ಅಡ್ಡಡ್ಡ ಕತ್ತರಿಸುವುದು ಅದರ ಪ್ರಕಾರ 0. ಹಾಗಾಗಿ ಸ್ಕೇಲಿನಲ್ಲಿ ಇಡಬೇಕಾದ್ದು 90 − 46.05 = 43.95, ಸುಮಾರು 44.

90 ಡಿಗ್ರಿ ಮೂಲೆಯಲ್ಲಿ ಎರಡು ಲೆಕ್ಕವೂ 45 ಎಂದೇ ಬರುವುದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂಲೆ ಸ್ವಲ್ಪ ಓರೆಯಾದ ಕೂಡಲೇ ಕೈಕೊಡುತ್ತದೆ. 46ಕ್ಕೆ ಇಟ್ಟು ಕತ್ತರಿಸಿದರೆ ಸಂದು ಕಡಿಮೆಯಾಗುವ ಬದಲು ಇಮ್ಮಡಿಯಾಗುತ್ತದೆ. ಕಾಗದದ ಮೇಲಿನ ಕೋನವನ್ನು 90ರಿಂದ ಕಳೆದರೆ ಸ್ಕೇಲಿನ ಕೋನ ಎಂದು ಗರಗಸದ ಮೇಲೇ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

ಸುಮ್ನೆ 45ಕ್ಕೇ ಕತ್ತರಿಸಿದರೆ ಎಷ್ಟು ಹಾಳಾಗುತ್ತದೆ? ಅದು ಪಟ್ಟಿಯ ಮೇಲೆ ಹೋಗುತ್ತದೆ. 15 ಮಿ.ಮೀ. ದಪ್ಪದ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ) ಆದರೆ ಮುಂದೆ ಬಾಯಿ ಬಿಡುವುದು 0.8 ಮಿ.ಮೀ. ಅಷ್ಟೇ, ಬಣ್ಣ ಹೊಡೆದರೆ ಕಾಣಿಸುವುದಿಲ್ಲ. 300 ಅಗಲದ ಎರಡು ಹಲಗೆಗಳನ್ನು ಮಲಗಿಸಿ ಮೂಲೆ ಶೆಲ್ಫು ಮಾಡಿದರೆ ಅದೇ ತಪ್ಪು ಮುಂಭಾಗದಲ್ಲಿ 15 ಮಿ.ಮೀ.ಗೂ ಜಾಸ್ತಿ ಸಂದು ಬಿಡುತ್ತದೆ. ಅಂದಹಾಗೆ, ಒಳಮೂಲೆಯ ಸ್ಕರ್ಟಿಂಗ್‌ಗೆ ಅನುಭವಿ ಬಡಗಿಗಳು ಮೈಟರ್ (ಎರಡೂ ತುದಿ ಓರೆ ಕತ್ತರಿಸಿ ಕೂಡಿಸುವ) ಗೋಜಿಗೇ ಹೋಗುವುದಿಲ್ಲ. ಒಂದು ಪಟ್ಟಿಯನ್ನು ಗೋಡೆಗೆ ನೇರ ತಾಗಿಸಿ, ಇನ್ನೊಂದರ ತುದಿಯನ್ನು ಮೊದಲನೆಯದರ ಆಕಾರಕ್ಕೆ ಕೆತ್ತಿ ಕೂರಿಸುತ್ತಾರೆ. ಆಗ ಮೂಲೆ ಎಷ್ಟು ಡಿಗ್ರಿ ಇದ್ದರೂ ಚಿಂತೆಯಿಲ್ಲ.

ಶೆಲ್ಫಿನ ಕೆಳಗೆ ಓರೆ ಆಧಾರ ಕೊಡಬೇಕು. ಎಷ್ಟುದ್ದ, ಯಾವ ಕೋನ?

ಒಂದು ಉದಾಹರಣೆ ಪೂರ್ತಿ ಮಾಡೋಣ. ಗೋಡೆಯ ಮೇಲೆ ಶೆಲ್ಫಿನಿಂದ 500 ಕೆಳಗೆ, ಶೆಲ್ಫಿನ ಅಡಿಯಲ್ಲಿ ಗೋಡೆಯಿಂದ 300 ಮುಂದೆ. ಈ ಎರಡು ಬಿಂದುಗಳಿಗೆ ಆಧಾರದ ಹೊರ ಅಂಚು ಮುಟ್ಟಬೇಕು. ಆಧಾರದ ಪಟ್ಟಿ 40 ಅಗಲ.

ಹೊರ ಅಂಚಿನ ಉದ್ದ: √(500² + 300²) = 583.1. ಗೋಡೆಯ ಹತ್ತಿರದ ಕೋನ: 300 ÷ 500 = 0.6, ಟ್ಯಾನ್ ಇನ್ವರ್ಸ್ ತೆಗೆದರೆ 30.96°. ಶೆಲ್ಫಿನ ಹತ್ತಿರದ ಕೋನ ಉಳಿದದ್ದು, 59.04°.

ಈಗ ಎರಡು ತೊಡಕು. ಮೊದಲನೆಯದು, 583 ಎನ್ನುವುದು ಹೊರ ಅಂಚಿನ ಉದ್ದ, ಚೂಪು ತುದಿಯಿಂದ ಚೂಪು ತುದಿಗೆ. ಒಳ ಅಂಚು ಗಿಡ್ಡ. ಎಷ್ಟು ಗಿಡ್ಡ ಅಂದರೆ 40 ÷ ಟ್ಯಾನ್ 30.96 ಮತ್ತು 40 ÷ ಟ್ಯಾನ್ 59.04, ಎರಡೂ ಸೇರಿ 90.7. ಅಂದರೆ ಒಳ ಅಂಚು 492.4. ಯಾವ ಅಂಚಿನಲ್ಲಿ ಅಳೆದಿದ್ದೀರಿ ಎಂದು ಪಟ್ಟಿಯ ಮೇಲೆ ಬರೆದುಕೊಳ್ಳದಿದ್ದರೆ ಒಂದು ಪಟ್ಟಿ ದಂಡವಾಗುವುದು ಖಂಡಿತ.

ಎರಡನೆಯದು ಗರಗಸ. ಶೆಲ್ಫಿಗೆ ತಾಗುವ ತುದಿಗೆ ಸ್ಕೇಲು 30.96 (90 − 59.04), ಇದು ಸುಲಭ. ಗೋಡೆಗೆ ತಾಗುವ ತುದಿಗೆ 59.04 ಬೇಕು. ಎಷ್ಟೋ ಮೈಟರ್ ಗರಗಸಗಳು ಅಷ್ಟು ತಿರುಗುವುದೇ ಇಲ್ಲ. ಆಗ ಗುರುತು ಹಾಕಿ ಕೈಗರಗಸದಲ್ಲಿ ಕತ್ತರಿಸಿ. ಗುರುತಿಗೆ ಡಿಗ್ರಿ ಬೇಡ: ಅಂಚಿನಿಂದ ಅಡ್ಡಕ್ಕೆ 40, ಅಂಚಿನ ಉದ್ದಕ್ಕೆ 66.7 (40 ÷ 0.6). ಎರಡು ಬಿಂದು ಸೇರಿಸಿ ಗೆರೆ ಎಳೆದರೆ ಆಯಿತು.

ಬಲದ ದೃಷ್ಟಿಯಿಂದ ಈ ಆಧಾರ ಕಡಿದಾಗಿ ನಿಂತಷ್ಟೂ ಒಳ್ಳೆಯದು. ಭಾರವನ್ನು ಸೈನ್‌ನಿಂದ ಭಾಗಿಸಿದರೆ ಪಟ್ಟಿಯ ಮೇಲೆ ಬೀಳುವ ಒತ್ತಡ ಸಿಗುತ್ತದೆ. ಇಲ್ಲಿ ಕೋನವನ್ನು ಅಡ್ಡ ಗೆರೆಯಿಂದ ಎಣಿಸಬೇಕು, ಭಾರ ಆಧಾರ ತಾಗುವ ಜಾಗದ ಮೇಲೇ ಇದೆ ಎಂದುಕೊಳ್ಳಬೇಕು. 45 ಡಿಗ್ರಿಯಲ್ಲಿ ಭಾರದ 1.41 ಪಟ್ಟು. 30 ಡಿಗ್ರಿಗೆ ಮಲಗಿಸಿದರೆ ನೇರ ಎರಡು ಪಟ್ಟು. ನೋಡಲು ಚೆಂದ ಅಂತ ಆಧಾರವನ್ನು ತೀರಾ ಮಲಗಿಸುವವರು ಇದನ್ನು ಗಮನಿಸಬೇಕು.

45 ಡಿಗ್ರಿ ಆಧಾರಕ್ಕೆ ಇಷ್ಟೆಲ್ಲ ಬೇಕಾ?

ಬೇಡ. 1.414ರಿಂದ ಗುಣಿಸಿ. 400 ಕೆಳಗೆ, 400 ಮುಂದೆ ಇದ್ದರೆ ಹೊರ ಅಂಚು 566. ಒಳ ಅಂಚು ಪಟ್ಟಿಯ ಅಗಲದ ಎರಡು ಪಟ್ಟು ಕಡಿಮೆ.

ಕಪಾಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸಬಹುದಾ?

ಎತ್ತುವ ಮೊದಲು ಲೆಕ್ಕ ಹಾಕಿ. ಕಪಾಟು 2400 ಎತ್ತರ, 600 ಆಳ. ಛಾವಣಿ 2450. 50 ಮಿ.ಮೀ. ಜಾಗ ಉಳಿಯುತ್ತದಲ್ಲ, ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ. ಎತ್ತುವಾಗ ಕಪಾಟಿನ ಕರ್ಣ ಒಂದು ಹಂತದಲ್ಲಿ ನೇರ ನಿಲ್ಲುತ್ತದೆ. ಆ ಕರ್ಣ √(2400² + 600²) = 2474. ಛಾವಣಿಗಿಂತ 24 ಜಾಸ್ತಿ. ಕಪಾಟು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಛಾವಣಿಯ ಗಾರೆಯೂ ಹೋಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಕಪಾಟಿನ ಗರಿಷ್ಠ ಎತ್ತರ ಸಿಗುತ್ತದೆ: √(2450² − 600²) = 2375. ಇದಕ್ಕಿಂತ ಹತ್ತಿಪ್ಪತ್ತು ಮಿ.ಮೀ. ಕಡಿಮೆಯೇ ಇಟ್ಟುಕೊಳ್ಳಿ. ಎತ್ತರ ಬೇಕೇ ಬೇಕು ಅಂದರೆ ಕೆಳಗಿನ ಪೀಠ ಬೇರೆ ಮಾಡಿ. 2300ರ ಪೆಟ್ಟಿಗೆಯ ಕರ್ಣ 2377, ಆರಾಮಾಗಿ ನಿಲ್ಲುತ್ತದೆ. ನಿಂತ ಮೇಲೆ 100ರ ಪೀಠದ ಮೇಲೆ ಇಟ್ಟರೆ ಒಟ್ಟು 2400 ಆಯಿತು. ಎತ್ತರದ ಕಪಾಟುಗಳಿಗೆ ಪೀಠ ಬೇರೆ ಇರುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಛಾವಣಿಯಲ್ಲಿ ತೊಲೆ ಇಳಿದಿದ್ದರೆ, ಫ್ಯಾನು ದೀಪ ತೂಗುತ್ತಿದ್ದರೆ, ಅಲ್ಲಿಯವರೆಗಿನ ಎತ್ತರವನ್ನೇ ಹಿಡಿಯಿರಿ.

ಮೆಟ್ಟಿಲ ಕೆಳಗಿನ ಓರೆ ಜಾಗಕ್ಕೆ ಬಾಗಿಲುಗಳನ್ನು ಹೇಗೆ ಅಳೆಯುವುದು?

ಮೊದಲು ಓರೆ ಎಷ್ಟು ಎಂದು ಕಂಡುಕೊಳ್ಳಿ. ಒಂದು ಮೀಟರ್ ಉದ್ದದ ಸ್ಪಿರಿಟ್ ಲೆವೆಲ್ ಅನ್ನು ಮಟ್ಟವಾಗಿ ಹಿಡಿದು, ಒಂದು ತುದಿಯನ್ನು ಓರೆ ಛಾವಣಿಗೆ ತಾಗಿಸಿ, ಇನ್ನೊಂದು ತುದಿಯಿಂದ ಛಾವಣಿಯವರೆಗೆ ಲಂಬವಾಗಿ ಅಳೆಯಿರಿ. 720 ಬಂತು ಎನ್ನಿ. ಟ್ಯಾನ್ 0.72, ಕೋನ 35.75°. ನಿಜ ಹೇಳಬೇಕೆಂದರೆ ಕೋನ ಇಲ್ಲಿ ಬೇಕಾಗುವುದೇ ಇಲ್ಲ, 0.72 ಸಾಕು.

ಪ್ರತಿ ಬಾಗಿಲು 400 ಅಗಲ ಇದ್ದರೆ ಒಂದು ಬಾಗಿಲಿನೊಳಗೆ ಎತ್ತರ 400 × 0.72 = 288 ಏರುತ್ತದೆ. ಗಿಡ್ಡ ತುದಿಯಲ್ಲಿ 500ರಿಂದ ಶುರುವಾದರೆ ಮೊದಲ ಬಾಗಿಲು 500ರಿಂದ 788, ಎರಡನೆಯದು 788ರಿಂದ 1076, ಮೂರನೆಯದು 1076ರಿಂದ 1364. ಮೇಲಿನ ಓರೆ ಅಂಚಿನ ಉದ್ದ ಪ್ರತಿಯೊಂದಕ್ಕೂ 493. ಬಾಗಿಲುಗಳ ನಡುವಿನ ಸಂದನ್ನೂ ಲೆಕ್ಕಕ್ಕೆ ಸೇರಿಸಿ: 3 ಮಿ.ಮೀ. ಸಂದು ದಾಟುವಾಗ ಎತ್ತರ 2.2 ಏರುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಓರೆ ಛಾವಣಿಗೂ ಬಾಗಿಲಿಗೂ ನಡುವೆ 3 ಮಿ.ಮೀ. ಬಿಡಬೇಕೆಂದರೆ ಎತ್ತರದಲ್ಲಿ 3 ಕಳೆದರೆ ಆಗುವುದಿಲ್ಲ. ಆ 3 ಓರೆಗೆ ಲಂಬವಾಗಿರಬೇಕು. ಹಾಗಾಗಿ 3 ÷ ಕಾಸ್ 35.75 = 3.7 ಕಳೆಯಬೇಕು.

ಛಾವಣಿ ಒಂದೇ ಓರೆಯಲ್ಲಿದೆ ಎಂದು ನಂಬಬೇಡಿ. ಎರಡು ಮೂರು ಕಡೆ ಲೆವೆಲ್ ಹಿಡಿದು ನೋಡಿ. ನಡುವೆ ಹೊಟ್ಟೆ ಬಂದಿದ್ದರೆ ಲೆಕ್ಕ ಪಕ್ಕಕ್ಕಿಟ್ಟು ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಳ್ಳುವುದೇ ಸರಿ.

ಆರು ಬದಿಯ ಶೆಲ್ಫಿಗೆ ಕೋನ ಎಷ್ಟು, ಹಲಗೆ ಎಷ್ಟು?

ಎಷ್ಟು ಬದಿ ಇದ್ದರೂ ಗರಗಸದ ಕೋನ 180 ÷ ಬದಿಗಳ ಸಂಖ್ಯೆ. ಆರಕ್ಕೆ 30, ಎಂಟಕ್ಕೆ 22.5, ನಾಲ್ಕಕ್ಕೆ ಗೊತ್ತೇ ಇರುವ 45.

ಒಂದು ಬದಿಯ ಉದ್ದ = ಎದುರು ಬದಿಗಳ ನಡುವಿನ ದೂರ × ಟ್ಯಾನ್ (180 ÷ ಬದಿಗಳು). ಬದಿಗಳ ಸಂಖ್ಯೆ ಸಮ ಇದ್ದಾಗ ಮಾತ್ರ ಈ ಸೂತ್ರ. 500 ಎತ್ತರದ ಷಡ್ಭುಜಕ್ಕೆ 500 × 0.577 = 288.7. ಇದು ಹೊರಗಿನ ಉದ್ದ. ಹಲಗೆ 18 ದಪ್ಪ ಇದ್ದರೆ ಒಳಗಿನ ಉದ್ದ 2 × 18 × 0.577, ಅಂದರೆ 20.8 ಕಡಿಮೆ: 267.9. ಗೋಡೆಯಲ್ಲಿ ಜಾಗ ನೋಡುವಾಗ ಚೂಪು ಮೂಲೆಯಿಂದ ಚೂಪು ಮೂಲೆಗೆ 577 ಆಗುತ್ತದೆ ಎಂಬುದೂ ನೆನಪಿರಲಿ.

ಕಷ್ಟ ಇರುವುದು ಲೆಕ್ಕದಲ್ಲಲ್ಲ. ಆರು ಬದಿ ಅಂದರೆ ಹನ್ನೆರಡು ಕಟ್. ಗರಗಸ ಅರ್ಧ ಡಿಗ್ರಿ ತಪ್ಪಿದ್ದರೆ ಹನ್ನೆರಡು ಅರ್ಧಗಳು ಸೇರಿ 6 ಡಿಗ್ರಿ. ಅಷ್ಟೂ ಕೊನೆಯ ಜೋಡಣೆಯಲ್ಲಿ ಬಂದು ಕೂರುತ್ತದೆ, 18 ದಪ್ಪದ ಹಲಗೆಯಲ್ಲಿ 2 ಮಿ.ಮೀ.ಗೂ ಮೀರಿದ ಸಂದಾಗಿ. ಹಾಗಾಗಿ ರದ್ದಿ ಮರದಲ್ಲಿ ಆರು ಸಣ್ಣ ತುಂಡು ಕತ್ತರಿಸಿ ಟೇಪ್ ಸುತ್ತಿ ನೋಡಿ. ಕೊನೆಯ ಸಂದು ಹೊರಗೆ ತೆರೆದಿದ್ದರೆ ಗರಗಸ 30ಕ್ಕಿಂತ ಕಡಿಮೆ ಇದೆ, ಒಳಗೆ ತೆರೆದಿದ್ದರೆ ಜಾಸ್ತಿ ಇದೆ.

ಸ್ಟೂಲಿನ ಕಾಲು ಎರಡೂ ಕಡೆಗೆ ಓರೆ ಇದೆ. ಉದ್ದ ಹೇಗೆ ಲೆಕ್ಕ ಹಾಕುವುದು?

ಮುಂದಿನಿಂದ ನೋಡಿದರೆ 10 ಡಿಗ್ರಿ, ಪಕ್ಕದಿಂದ ನೋಡಿದರೂ 10 ಡಿಗ್ರಿ. ಆದರೆ ಕಾಲು ನಿಜವಾಗಿ ವಾಲಿರುವುದು 10 ಅಲ್ಲ, 20 ಕೂಡ ಅಲ್ಲ. ಎರಡು ಟ್ಯಾನ್‌ಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು: √(0.1763² + 0.1763²) = 0.2494. ಟ್ಯಾನ್ ಇನ್ವರ್ಸ್ 14°. ವಾಲಿರುವ ದಿಕ್ಕು ಮೂಲೆಯ ಕಡೆಗೆ, ನೇರ 45 ಡಿಗ್ರಿಯಲ್ಲಿ.

ಆಸನದ ಹಲಗೆಯ ಅಡಿಯಿಂದ ನೆಲಕ್ಕೆ 450 ಇದ್ದರೆ ಕಾಲಿನ ಉದ್ದ 450 ÷ ಕಾಸ್ 14 = 464. ಕಾಲಿನ ತುದಿ ಎರಡೂ ದಿಕ್ಕಿನಲ್ಲಿ 79 ಮಿ.ಮೀ. ಹೊರಗೆ ಹೋಗುತ್ತದೆ. ಕಾಲು ಆಸನದೊಳಗೆ ತೂರಿಕೊಳ್ಳುವಷ್ಟನ್ನು ಇದಕ್ಕೆ ಸೇರಿಸಿ. ಮೊದಲು ಒಂದಷ್ಟು ಉದ್ದವೇ ಇಟ್ಟುಕೊಂಡು, ಸ್ಟೂಲ್ ನಿಲ್ಲಿಸಿದ ಮೇಲೆ ನಾಲ್ಕೂ ಕಾಲನ್ನು ಒಟ್ಟಿಗೆ ಮಟ್ಟ ಮಾಡುವುದು ಜಾಣತನ.

ರಂಧ್ರ ಕೊರೆಯುವಾಗ ಇದರ ಲಾಭ ಗೊತ್ತಾಗುತ್ತದೆ. ಆಸನದ ಅಡಿಯಲ್ಲಿ ರಂಧ್ರದ ಬಿಂದುವಿನಿಂದ 45 ಡಿಗ್ರಿಯ ಗೆರೆ ಎಳೆಯಿರಿ. ಬೆವೆಲ್ ಗೇಜನ್ನು (ಬೇಕಾದ ಕೋನಕ್ಕೆ ಹೊಂದಿಸಿ ಬಿಗಿಯುವ ಮಟ್ಟ) ಲಂಬದಿಂದ 14ಕ್ಕೆ ಹೊಂದಿಸಿ ಆ ಗೆರೆಯ ಮೇಲೆ ನಿಲ್ಲಿಸಿ. ಡ್ರಿಲ್ ಅದರ ಸಮಕ್ಕೆ ಹಿಡಿದರೆ ಒಂದೇ ಕೋನ ನೋಡಿಕೊಂಡರೆ ಸಾಕು, ಎರಡು ಕಡೆ ಕಣ್ಣಾಡಿಸಬೇಕಿಲ್ಲ.

ಎರಡು ಓರೆ ಬೇರೆ ಬೇರೆ ಇದ್ದರೂ ದಾರಿ ಅದೇ. ಒಂದು 12, ಇನ್ನೊಂದು 8 ಇದ್ದರೆ ನಿಜವಾದ ಓರೆ 14.3°. ಗೆರೆಯ ದಿಕ್ಕು ಟ್ಯಾನ್ 8 ÷ ಟ್ಯಾನ್ 12ರ ಇನ್ವರ್ಸ್, ಅಂದರೆ 12 ಡಿಗ್ರಿ ಓರೆ ಇರುವ ದಿಕ್ಕಿನಿಂದ 33.5°.

ಬೆವೆಲ್ ಗೇಜನ್ನು 14ಕ್ಕೆ ಹೊಂದಿಸುವುದು ಹೇಗೆ? ಕೋನಮಾಪಕ ಬೇಕಲ್ವಾ?

ಬೇಡ. ನೇರ ಅಂಚಿನ ಪ್ಲೈವುಡ್ ತುಂಡಿನಲ್ಲಿ 500 ಉದ್ದದ ಗೆರೆ ಎಳೆಯಿರಿ. ತುದಿಯಲ್ಲಿ ಮೂಲೆಮಟ್ಟ ಇಟ್ಟು ಮೇಲಕ್ಕೆ 500 × ಟ್ಯಾನ್ 14 = 124.7 ಗುರುತು ಹಾಕಿ, ಸೇರಿಸಿ. ಪದೇ ಪದೇ ಬೇಕಾಗುವ ಕೋನಗಳಿಗೆ 500ಕ್ಕೆ ಎಷ್ಟು ಏರಬೇಕು ಎಂಬುದು ಹೀಗಿದೆ:

5° = 43.7
10° = 88.2
15° = 134
22.5° = 207.1
30° = 288.7
40° = 419.5

ಈ ಪ್ಲೈವುಡ್ ತುಂಡನ್ನು ಎಸೆಯಬೇಡಿ. ಎಲ್ಲ ಗೆರೆಗಳನ್ನೂ ಒಂದರಲ್ಲೇ ಎಳೆದಿಟ್ಟರೆ ವರ್ಷಗಟ್ಟಲೆ ಬರುತ್ತದೆ.

ಬದಿಗಳು ಹೊರಗೆ ವಾಲಿದ ಗಿಡದ ಪೆಟ್ಟಿಗೆಗೆ 45ರ ಮೈಟರ್ ಕೂರುತ್ತಿಲ್ಲ. ಯಾಕೆ?

ಬದಿ ವಾಲಿದ ಕ್ಷಣ ಒಂದು ಕಟ್‌ಗೆ ಎರಡು ಕೋನ ಬೇಕಾಗುತ್ತದೆ: ಗರಗಸ ಪಕ್ಕಕ್ಕೆ ತಿರುಗುವ ಮೈಟರ್, ಅಲಗು ವಾಲುವ ಬೆವೆಲ್. ನಾಲ್ಕು ಬದಿಯ ಪೆಟ್ಟಿಗೆಗೆ ಸೂತ್ರ ಇಷ್ಟೇ. ವಾಲುವಿಕೆಯನ್ನು ಲಂಬದಿಂದ ಅಳೆಯಬೇಕು.

ಟ್ಯಾನ್ ಮೈಟರ್ = ಸೈನ್ ವಾಲುವಿಕೆ
ಸೈನ್ ಬೆವೆಲ್ = ಕಾಸ್ ವಾಲುವಿಕೆ × 0.7071

10° ವಾಲಿದ್ದರೆ ಮೈಟರ್ 9.9°, ಬೆವೆಲ್ 44.1°
15° ವಾಲಿದ್ದರೆ ಮೈಟರ್ 14.5°, ಬೆವೆಲ್ 43.1°
20° ವಾಲಿದ್ದರೆ ಮೈಟರ್ 18.9°, ಬೆವೆಲ್ 41.6°
30° ವಾಲಿದ್ದರೆ ಮೈಟರ್ 26.6°, ಬೆವೆಲ್ 37.8°

ಗೋಡೆ ಮತ್ತು ಛಾವಣಿ ಸೇರುವಲ್ಲಿ ಓರೆಯಾಗಿ ಕೂರುವ ಕಾರ್ನಿಸ್ ಪಟ್ಟಿಗೂ ಇದೇ ಸೂತ್ರ. ಗೋಡೆಯಿಂದ 38 ಡಿಗ್ರಿ ವಾಲುವ ಪಟ್ಟಿಯನ್ನು ಗರಗಸದ ಮೇಲೆ ಚಪ್ಪಟೆ ಮಲಗಿಸಿ ಕತ್ತರಿಸಲು ಮೈಟರ್ 31.6, ಬೆವೆಲ್ 33.9. ಕೆಲವು ಮೈಟರ್ ಗರಗಸಗಳಲ್ಲಿ ಈ ಎರಡು ಅಂಕೆಗಳಿಗೆ ವಿಶೇಷ ಗುರುತು ಹಾಕಿರುತ್ತಾರೆ. ಯಾಕಿದೆ ಎಂದು ಗೊತ್ತಿಲ್ಲದೆ ಎಷ್ಟೋ ಜನ ಅದನ್ನು ನೋಡಿಯೂ ಬಿಟ್ಟಿರುತ್ತಾರೆ. 45 ಡಿಗ್ರಿ ವಾಲುವ ಪಟ್ಟಿಗೆ 35.3 ಮತ್ತು 30.

ಡವ್‌ಟೇಲ್ ಜೋಡಣೆಯಲ್ಲಿ (ಪಾರಿವಾಳದ ಬಾಲದಂಥ ಓರೆ ಹಲ್ಲುಗಳು ಒಂದರೊಳಗೊಂದು ಕೂರುವ ಜೋಡಣೆ) 1:6, 1:8 ಅನ್ನುತ್ತಾರೆ. ಡಿಗ್ರಿಯಲ್ಲಿ ಎಷ್ಟು?

1:6 ಅಂದರೆ 9.5°, 1:8 ಅಂದರೆ 7.1°. ಮೆದು ಮರಕ್ಕೆ ಮೊದಲನೆಯದು, ಗಟ್ಟಿ ಮರಕ್ಕೆ ಎರಡನೆಯದು ಎಂಬುದು ಹಳೆಯ ರೂಢಿ. ಡಿಗ್ರಿಗೆ ಬದಲಿಸುವ ಅಗತ್ಯವೇ ಇಲ್ಲ. ಅನುಪಾತವೇ ಟ್ಯಾನ್, ಬಡಗಿಗಳು ಹೆಸರಿಡದೆ ಬಳಸುತ್ತಿದ್ದರು ಅಷ್ಟೇ.

ಮೇಜಿನ ಕಾಲು ಕೆಳಗೆ ಹೋದಂತೆ ಸಪೂರ ಆಗಬೇಕು. ಕೋನ ಹೇಗೆ?

ಕೋನ ಬಿಡಿ. 600 ಉದ್ದದಲ್ಲಿ 45ರಿಂದ 25ಕ್ಕೆ ಇಳಿಯಬೇಕಿದ್ದರೆ ಎರಡು ತುದಿಗಳಲ್ಲಿ ಗುರುತು ಹಾಕಿ ಗೆರೆ ಎಳೆಯಿರಿ. ಆ ಕೋನ 1.91°. ಯಾವ ಗರಗಸದ ಸ್ಕೇಲಿನಲ್ಲೂ ಅದನ್ನು ನಂಬಿಕೆಯಿಂದ ಇಡಲು ಆಗುವುದಿಲ್ಲ.

ಉತ್ತರದಲ್ಲಿ ಎಷ್ಟು ದಶಮಾಂಶ ಇಟ್ಟುಕೊಳ್ಳಬೇಕು?

ಲೆಕ್ಕದ ನಡುವೆ ಕ್ಯಾಲ್ಕುಲೇಟರ್‌ನಲ್ಲಿ ಇರುವಷ್ಟೂ ಇರಲಿ, ಕೊನೆಯಲ್ಲಿ ಅರ್ಧ ಮಿ.ಮೀ.ಗೆ ಇಳಿಸಿ. ಕೋನಕ್ಕೆ ಒಂದು ಅಂದಾಜು ನೆನಪಿಡಿ: 1 ಡಿಗ್ರಿ ತಪ್ಪಿದರೆ ಒಂದು ಮೀಟರ್ ದೂರದಲ್ಲಿ 17.5 ಮಿ.ಮೀ. 0.1 ಡಿಗ್ರಿಗೆ 1.75. ಚಿಕ್ಕ ಪೆಟ್ಟಿಗೆಗೆ ಅರ್ಧ ಡಿಗ್ರಿ ನಡೆದೀತು, ಉದ್ದನೆಯ ಹಲಗೆಗೆ ನಡೆಯುವುದಿಲ್ಲ.

ಫೋನಿನ ಆ್ಯಪ್‌ನಲ್ಲಿ ಕೋನ ಅಳೆದರೆ ಆಗುತ್ತಾ?

ಅಂದಾಜಿಗೆ ಆಗುತ್ತದೆ. ಫೋನಿನ ಅಂಚು ದುಂಡಗಿರುತ್ತದೆ, ಕ್ಯಾಮೆರಾ ಉಬ್ಬಿರುತ್ತದೆ, ಅದರ ಮೇಲೆ ಕವರ್ ಬೇರೆ. ಅಲಗಿನ ಓರೆ ನೋಡಲು ಆಯಸ್ಕಾಂತ ಇರುವ ಡಿಜಿಟಲ್ ಗೇಜ್ ವಾಸಿ. ಅದನ್ನೂ ಮೊದಲು ಗರಗಸದ ಮೇಜಿನ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಬೇಕು. ಅದು ತೋರಿಸುವುದು ಮೇಜಿನಿಂದ ಎಷ್ಟು ಓರೆ ಎಂಬುದನ್ನು ಮಾತ್ರ.

ಲೆಕ್ಕ ಎರಡು ಸಲ ನೋಡಿದೆ, ಸರಿ ಇದೆ. ಆದರೂ ತುಂಡು ಕೂರುತ್ತಿಲ್ಲ!

ಹಾಗಾದರೆ ತಪ್ಪು ಲೆಕ್ಕದ ಹೊರಗಿದೆ. ಅಲಗು ತಿಂದುಹಾಕುವ ಮರವನ್ನು ಬಿಟ್ಟಿರಬಹುದು: ವೃತ್ತಾಕಾರದ ಗರಗಸ ಪ್ರತಿ ಕಟ್‌ಗೆ ಸುಮಾರು 2ರಿಂದ 3 ಮಿ.ಮೀ. ಪುಡಿ ಮಾಡುತ್ತದೆ. ಗೆರೆಯ ಯಾವ ಬದಿಯಲ್ಲಿ ಅಲಗು ಓಡಬೇಕು ಎಂದು ಗೆರೆಯ ಪಕ್ಕ ಗೀಚು ಹಾಕಿಕೊಳ್ಳಿ. 18 ಎಂದು ತಂದ ಪ್ಲೈವುಡ್ ನಿಜವಾಗಿ 17.5 ಇರಬಹುದು, ಕ್ಯಾಲಿಪರ್‌ನಲ್ಲಿ ನೋಡಿ. ಗರಗಸದ 0 ನಿಜವಾಗಿ 0 ಇದೆಯಾ ಎಂಬುದಕ್ಕೂ ಪರೀಕ್ಷೆ ಇದೆ: ಎರಡೂ ಅಂಚು ಸಮಾಂತರ ಇರುವ ಹಲಗೆಯನ್ನು ಅಡ್ಡ ಕತ್ತರಿಸಿ, ಒಂದು ತುಂಡನ್ನು ಮಗುಚಿ ಹಾಕಿ ಕತ್ತರಿಸಿದ ತುದಿಗಳನ್ನು ಮತ್ತೆ ಕೂಡಿಸಿ. ನಡುವೆ ಸಂದು ಕಂಡರೆ ತಪ್ಪು ಅದರ ಅರ್ಧ.

ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಎಂದು ಬೈಯಬೇಡಿ, ಅದು ಬೇಕೆಂದೇ ಹಾಗಿದೆ. ಎಳೆದು ಅಳೆಯುವಾಗಲೂ ಒತ್ತಿ ಅಳೆಯುವಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಬಾರದಿರಲಿ ಎಂಬ ಉಪಾಯ. ಆದರೆ ಒಂದೆರಡು ಸಲ ಕೆಳಗೆ ಬಿದ್ದ ಟೇಪಿನ ಕೊಕ್ಕೆ ಬಾಗಿರುತ್ತದೆ. ಅನುಮಾನ ಇದ್ದರೆ ಕೊಕ್ಕೆ ಬಿಟ್ಟು 100ರ ಗೆರೆಯಿಂದ ಅಳೆಯಿರಿ, ಕೊನೆಯಲ್ಲಿ ಆ 100 ಕಳೆಯಿರಿ. ಒಂದೇ ಕೆಲಸಕ್ಕೆ ಎರಡು ಟೇಪ್ ಬಳಸುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ಹಿಡಿದು ಎರಡು ಮೀಟರ್‌ವರೆಗೆ ಹೋಲಿಸಿ ನೋಡಿ.